ಅಂಪೈರ್ ಎಲ್ಲಿ ಕೂಗ್ಬೇಕು, ಎಲ್ಲಿ ಸುಮ್ನಿರ್ಬೇಕು?

ಪ್ರಶ್ನೆ: ಸರ್, ನಾನು ಬೇಲೂರು ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ಪಿಇ ಟೀಚರ್. ಬೇಸ್‌ಬಾಲ್‌ಗೆ ಅಂಪೈರ್ ಮಾಡೋಕೆ ಶುರು ಮಾಡಿ ಎರಡೇ ವರ್ಷ. ಮೊನ್ನೆ ಹಾಸನದಲ್ಲಿ ಒಂದು ಮ್ಯಾಚಿಗೆ ನಾನೇ ಪ್ಲೇಟ್ ಅಂಪೈರ್, ಅಂದ್ರೆ ಬ್ಯಾಟರ್, ಕ್ಯಾಚರ್ ಹಿಂದೆ ನಿಲ್ಲೋ ಅಂಪೈರ್. ಬಾಲ್ ಥರ್ಡ್ ಬೇಸ್ ಗೆರೆ ಪಕ್ಕದಲ್ಲೇ, ಆದ್ರೆ ಒಳಗಡೆ ಉರುಳ್ತು. ನಾನು ಜೋರಾಗಿ 'ಫೇರ್' ಅಂದೆ. ಫಸ್ಟ್ ಬೇಸಿಂದ ಓಡ್ತಿದ್ದ ಹುಡುಗ 'ಫೌಲ್' ಅಂತ ಕೇಳಿಸ್ಕೊಂಡು ಅರ್ಧಕ್ಕೇ ನಿಂತುಬಿಟ್ಟ, ಸೆಕೆಂಡ್ ಬೇಸಲ್ಲಿ ಔಟಾದ. ಅವರ ಕೋಚ್ ಜಗಳಕ್ಕೇ ಬಂದ್ರು. ಆಮೇಲೆ ಒಬ್ರು ಸೀನಿಯರ್ 'ಅಂಪೈರ್ ಬಾಯಿ ಕಮ್ಮಿ ಮಾಡಿದಷ್ಟೂ ಒಳ್ಳೇದು' ಅಂದ್ರು, ಇನ್ನೊಬ್ರು 'ಎಲ್ಲಾನೂ ಕೂಗಿ ಹೇಳ್ಬೇಕಮ್ಮ, ಮಕ್ಕಳಿಗೆ ಗೊತ್ತಾಗ್ಬೇಕಲ್ಲ' ಅಂದ್ರು. ಆಟ ನಡೀತಿರೋವಾಗ ನಿಜವಾಗ್ಲೂ ಎಷ್ಟು ಹೇಳ್ಬೇಕು ಸರ್? ಆ ಹುಡುಗನ್ನ ಔಟ್ ಕೊಟ್ಟಿದ್ದು ಸರೀನಾ?

ಉತ್ತರ: ಮೇಡಂ, ಆ ಹುಡುಗನ ವಿಷಯಕ್ಕೆ ಕೊನೇಲಿ ಬರ್ತೀನಿ. ಮೊದಲು ಆ 'ಫೇರ್' ಅನ್ನೋ ಪದ. ಅದನ್ನ ಇವತ್ತಿಂದಲೇ ಬಿಟ್ಬಿಡಿ, ಮೈದಾನಕ್ಕೆ ಇಳಿದ ಮೇಲೆ ಆ ಪದ ನಿಮ್ಮ ಬಾಯಿಂದ ಬರ್ಲೇಬಾರದು. ಇದು ನಾನು ಮಾಡಿದ ರೂಲ್ ಅಲ್ಲ, ಬೇಸ್‌ಬಾಲ್ ಅಂಪೈರಿಂಗ್ ಎಲ್ಲೇ ಹೇಳಿಕೊಟ್ರೂ ಮೊದಲ ದಿನವೇ ಹೇಳೋ ಪಾಠ ಇದು. ಫೌಲ್ ಆದ್ರೆ, ಅಂದ್ರೆ ಬಾಲ್ ಗೆರೆ ಆಚೆ ಹೋದ್ರೆ, ಎರಡೂ ಕೈ ಮೇಲೆತ್ತಿ 'ಫೌಲ್' ಅಂತ ಕೂಗ್ಬೇಕು, ಬಾಲ್ ಗೆರೆ ಒಳಗೇ ಇದ್ರೆ ಬಾಯಿ ಮುಚ್ಕೊಂಡು ಕೈಯನ್ನ ಒಳಗಡೆಗೆ ತೋರಿಸ್ಬೇಕು, ಅಷ್ಟೇ. ಎರಡು ಪದವೂ ಒಂದೇ ಅಕ್ಷರದಿಂದ ಶುರುವಾಗುತ್ತೆ, ಎರಡೂ ಚಿಕ್ಕವು, ಓಡ್ತಿರೋನ ಕಿವಿಗೆ ಆ ಮೊದಲ 'ಫ' ಬಿಟ್ರೆ ಉಳಿದಿದ್ದು ಗಾಳಿಗೆ ಹೋಗುತ್ತೆ. ನಮ್ಮ ಹಾಸನದಲ್ಲಿ ಆಷಾಢದ ಗಾಳಿ ಎದ್ದಾಗ ಪಿಚರ್ ನಿಂತಿರೋ ಜಾಗದಿಂದ, ಅಂದ್ರೆ 60 ಅಡಿ 6 ಇಂಚು ದೂರದಿಂದ, ಕೂಗಿದ್ದೇ ಸರಿಯಾಗಿ ಕೇಳಲ್ಲ. ಇನ್ನು ಪ್ಲೇಟಿಂದ ಸೆಕೆಂಡ್ ಬೇಸ್ ಅಂದ್ರೆ 127 ಅಡಿ ಮೇಲೆ.

ಇದರ ಹಿಂದಿರೋ ಕಾರಣ ಅರ್ಥ ಆದ್ರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂಗೆ. ಫೌಲ್ ಅಂದ ತಕ್ಷಣ ಆಟ ನಿಂತುಹೋಗುತ್ತೆ, ಎಲ್ರೂ ವಾಪಸ್ ಹೋಗ್ಬೇಕು, ಹಾಗಾಗಿ ಎಲ್ರಿಗೂ ಕೇಳ್ಬೇಕು. ಒಳಗೆ ಬಿದ್ದ ಬಾಲಿಗೆ ಯಾರೂ ಏನೂ ಹೊಸದಾಗಿ ಮಾಡ್ಬೇಕಾಗಿಲ್ಲ, ಓಡ್ತಿರೋರು ಓಡ್ತಾನೇ ಇರ್ಲಿ, ಹಿಡಿಯೋರು ಹಿಡೀಲಿ. ಆಟ ನಿಲ್ಲಿಸೋಕೆ ಬಾಯಿ ಬೇಕು, ನಡೀತಿರೋ ಆಟ ನಡ್ಕೊಂಡು ಹೋಗೋಕೆ ಬಾಯಿ ಬೇಕಾಗಿಲ್ಲ. ನಾನು ಹುಡುಗರಿಗೆ ಅಂಪೈರಿಂಗ್ ಹೇಳಿಕೊಡೋವಾಗ ಇಲ್ಲಿಂದಲೇ ಶುರು ಮಾಡ್ತೀನಿ. ಕೆಲವು ಕಡೆ ಇದು ಮುರಿಯುತ್ತೆ, ಅದನ್ನ ಕೆಳಗೆ ಹೇಳ್ತೀನಿ.

ನಮ್ಮಲ್ಲಿ ಎಲ್ರಿಗೂ ಗೊತ್ತಿರೋದು ಕ್ರಿಕೆಟ್ ಅಲ್ವಾ, ಅಲ್ಲೂ ಹೀಗೇ ಇದೆ ನೋಡಿ. ನೋ ಬಾಲ್, ವೈಡ್, ಡೆಡ್ ಬಾಲ್, ಇವನ್ನ ಅಂಪೈರ್ ಆಗಿಂದಾಗ್ಲೇ ಬಾಯಲ್ಲಿ ಹೇಳ್ಬೇಕು. ಬೈ, ಲೆಗ್ ಬೈ, ಬೌಂಡರಿ, ಇವಕ್ಕೆಲ್ಲ ಬಾಲ್ ಡೆಡ್ ಆದ ಮೇಲೆ ಕೈ ಸನ್ನೆ ಮಾಡಿದ್ರೆ ಸಾಕು. ಔಟ್ ಕೊಡೋಕೆ ಬೆರಳು ಎತ್ತಿದ್ರೆ ಸಾಕು, ಆದ್ರೆ ಔಟ್ ಇಲ್ಲ ಅಂದ್ರೆ 'ನಾಟ್ ಔಟ್' ಅಂತ ಬಾಯಲ್ಲಿ ಹೇಳ್ಬೇಕು ಅಂತ ಲಾ ಪುಸ್ತಕದಲ್ಲೇ ಇದೆ. ಯಾಕಂದ್ರೆ ನಾಟ್ ಔಟ್‌ಗೆ ಸನ್ನೆ ಇಲ್ಲ, ಅಂಪೈರ್ ಸುಮ್ನೆ ನಿಂತಿದ್ರೆ ಇನ್ನೂ ಯೋಚನೆ ಮಾಡ್ತಿದಾರೋ, ಇಲ್ಲ ಅಂದ್ರೋ ಗೊತ್ತಾಗಲ್ಲ. ಬೇಸ್‌ಬಾಲಲ್ಲಿ ಇದೇ ಜಾಗದಲ್ಲಿ ನಿಂತಿರೋದು 'ಬಾಲ್' ಅನ್ನೋ ಕಾಲ್. ಪಿಚರ್ ಎಸೆದಿದ್ದು ಸ್ಟ್ರೈಕ್ ಜಾಗದ ಹೊರಗೆ ಹೋಗಿ ಬ್ಯಾಟರ್ ಬೀಸದೆ ಬಿಟ್ರೆ ಅದು 'ಬಾಲ್', ಬೀಸಿ ಮಿಸ್ ಆದ್ರೆ ಅಥವಾ ಆ ಜಾಗದ ಒಳಗೆ ಬಂದಿದ್ದನ್ನ ಬೀಸದೆ ಬಿಟ್ರೆ 'ಸ್ಟ್ರೈಕ್'. ಸ್ಟ್ರೈಕಿಗೆ ಕೈ ಇದೆ, ಬಾಲಿಗೆ ಕೈ ಇಲ್ಲ, ಬಾಯಿ ಮಾತ್ರ. ಕೂತಲ್ಲಿಂದಲೇ, ಏಳದೆ, ಪಿಚರ್‌ಗೂ ಎರಡೂ ಕಡೆ ಬೆಂಚಿಗೂ ಕೇಳೋ ಹಾಗೆ 'ಬಾಲ್' ಅನ್ನಿ. ನಮ್ಮ ಕಡೆ ಇದರಲ್ಲಿ ಒಂದು ತೊಂದ್ರೆ ಇದೆ, ಹುಡುಗರು ಫೀಲ್ಡಲ್ಲಿ ಬಾಲ್ ಎಸಿ ಅನ್ನೋದಕ್ಕೂ 'ಬಾಲ್, ಬಾಲ್' ಅಂತಲೇ ಕೂಗ್ತಾರೆ. ಮ್ಯಾಚ್ ಶುರುವಾಗೋಕೆ ಮುಂಚೆ ಎರಡೂ ಕ್ಯಾಪ್ಟನ್ ಕರೆದು ಬಾಲ್ ಬೇಕಾದ್ರೆ ಬೇಸಿನ ಹೆಸರು ಹಿಡಿದು ಕೂಗಿ ಅಂತ ಹೇಳಿಬಿಡಿ, ಆಮೇಲೆ ಗೊಂದಲ ಇರಲ್ಲ.

ಬ್ಯಾಟರ್ ಬೀಸಿ ಮಿಸ್ ಮಾಡಿದ್ರೆ ಕೂಗೋದು ಬೇಡ, ಕೈ ಸಾಕು. ಬೀಸಿದ್ದು ಇಡೀ ಊರಿಗೆ ಕಂಡಿರುತ್ತೆ. ಬೀಸದೆ ಬಿಟ್ಟು ಸ್ಟ್ರೈಕ್ ಆದಾಗ ಮಾತ್ರ ಜೋರಾಗಿ ಹೇಳಿ, ಯಾಕಂದ್ರೆ ಅದು ನಿಮ್ಮೊಬ್ಬರ ತೀರ್ಮಾನ, ನೀವು ಹೇಳೋವರೆಗೂ ಯಾರಿಗೂ ಗೊತ್ತಿರಲ್ಲ. ಅರ್ಧ ಬೀಸಿ ನಿಲ್ಲಿಸಿದ್ರೆ ಎರಡು ಮಾತು ಜಾಸ್ತಿ ಬೇಕು, 'ಬಾಲ್, ಬೀಸಿಲ್ಲ' ಅಂತಲೋ 'ಬೀಸಿದಾನೆ' ಅಂತಲೋ. ಅದನ್ನ ಕನ್ನಡದಲ್ಲೇ ಹೇಳಿ, ತಪ್ಪಿಲ್ಲ. ಕಾಲ್‌ಗಳು ಮಾತ್ರ ಎಲ್ಲ ಕಡೆ ಇರೋ ಹಾಗೇ ಇರ್ಲಿ, ವಿವರಣೆ ನಮ್ಮ ಭಾಷೇಲಿ ಇದ್ರೆ ಮಕ್ಕಳಿಗೂ ಕೋಚ್‌ಗೂ ಒಂದೇ ಸಲಕ್ಕೆ ತಲೆಗೆ ಹೋಗುತ್ತೆ.

ಈಗ ಒಂದು ನನ್ನ ತಪ್ಪು ಹೇಳ್ತೀನಿ, ಇದು ನಿಮ್ಮ 'ಫೇರ್'ಗಿಂತ ದೊಡ್ಡದು. ನಾನು ಹೊಸದ್ರಲ್ಲಿ ಚಿಕ್ಕಮಗಳೂರಲ್ಲಿ ಕಾಲೇಜ್ ಹುಡುಗರ ಒಂದು ಮ್ಯಾಚಿಗೆ ಪ್ಲೇಟಲ್ಲಿದ್ದೆ. ಬೆಳಿಗ್ಗೆ ಹೊತ್ತು, ಮಂಜು ಇನ್ನೂ ಪೂರ್ತಿ ಬಿಟ್ಟಿರ್ಲಿಲ್ಲ. ಫಸ್ಟ್ ಬೇಸಲ್ಲಿದ್ದ ಹುಡುಗ ಸ್ಟೀಲ್ ಮಾಡೋಕೆ, ಅಂದ್ರೆ ಬ್ಯಾಟಿನ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್ ಹಿಡಿಯೋಕೆ, ಓಡಿದ, ಬ್ಯಾಟರ್ ಬೀಸಿದ, ಬಾಲ್ ಬ್ಯಾಟಿಗೆ ಚೂರು ಸವರಿ ನೇರ ಕ್ಯಾಚರ್ ಗ್ಲೌಸಿಗೆ ಹೋಯ್ತು. ಇದನ್ನ ಫೌಲ್ ಟಿಪ್ ಅಂತಾರೆ, ಹೆಸರಲ್ಲಿ ಮಾತ್ರ ಫೌಲ್, ಅದು ಸ್ಟ್ರೈಕ್, ಬಾಲ್ ಲೈವ್, ರನ್ನರ್ ಓಡಬಹುದು. ನಾನು ಗೊತ್ತಿರೋದನ್ನ ಹೇಳ್ಬೇಕು ಅಂತ 'ಫೌಲ್ ಟಿಪ್' ಅಂತ ಕೂಗಿದೆ. ಆ ಹುಡುಗ 'ಫೌಲ್' ಅಷ್ಟೇ ಕೇಳಿಸ್ಕೊಂಡ, ಸೆಕೆಂಡ್ ಬೇಸಿಗೆ ನಾಲ್ಕು ಹೆಜ್ಜೆ ಇರೋವಾಗ ನಿಂತ, ತಿರುಗಿದ, ತಲೆ ತಗ್ಗಿಸ್ಕೊಂಡು ನಡ್ಕೊಂಡು ವಾಪಸ್ ಬರ್ತಿದ್ದ. ಕ್ಯಾಚರ್ ಎಸೆದ, ಬಾಲ್ ಹಿಡಿದ ಫೀಲ್ಡರ್ ಹಿಂದಿಂದ ಬಂದು ಮುಟ್ಟಿ ಔಟ್ ಮಾಡಿದ. ಅವನು ಸುರಕ್ಷಿತವಾಗಿ ತಲುಪ್ತಿದ್ದ ಬೇಸು ಅದು. ಅವನು ನನ್ನ ಕಡೆ ನೋಡಿ 'ಸರ್ ನೀವೇ ಫೌಲ್ ಅಂದ್ರಲ್ಲ' ಅಂದಿದ್ದು ಇವತ್ತಿಗೂ ಕಿವೀಲಿದೆ. ಫೌಲ್ ಟಿಪ್‌ಗೆ ಎಡಗೈ ಹಿಂಭಾಗವನ್ನ ಬಲಗೈ ಬೆರಳಿಂದ ಸವರೋ ಸನ್ನೆ ಇದೆ, ಆಮೇಲೆ ಸ್ಟ್ರೈಕ್ ಸನ್ನೆ, ಬಾಯಿ ಬಿಡೋ ಹಾಗೇ ಇಲ್ಲ. ಆ ಸನ್ನೆ ಯಾಕೆ ಇಟ್ಟಿದಾರೆ ಅಂತ ನಾನು ಅವತ್ತು ಕಲಿತೆ, ಬೆಲೆ ಕೊಟ್ಟಿದ್ದು ಆ ಹುಡುಗ. ಒಂದು ಸಲ 'ಫೌಲ್' ಅನ್ನೋ ಶಬ್ದ ಬಂದ ಮೇಲೆ ಅದನ್ನ ವಾಪಸ್ ತಗೊಳ್ಳೋಕೆ ಆಗಲ್ಲ ಮೇಡಂ, ಅಷ್ಟೊತ್ತಿಗೆ ಎಲ್ರೂ ನಿಂತಿರ್ತಾರೆ.

ಹಾಗಂತ ನಿಮ್ಮ ಸೀನಿಯರ್ ಹೇಳಿದ 'ಬಾಯಿ ಕಮ್ಮಿ' ಅನ್ನೋದನ್ನ ಪೂರ್ತಿ ನಂಬಬೇಡಿ. ಸುಮ್ನಿದ್ದು ಆಗೋ ಅನಾಹುತ ಕೂಗಿ ಆಗೋದಕ್ಕಿಂತ ಏನೂ ಕಮ್ಮಿ ಇಲ್ಲ. 2005ರ ಅಕ್ಟೋಬರ್ 12, ಅಮೆರಿಕನ್ ಲೀಗ್ ಚಾಂಪಿಯನ್‌ಶಿಪ್ ಸೀರೀಸಿನ ಎರಡನೇ ಮ್ಯಾಚ್, ಶಿಕಾಗೋ ವೈಟ್ ಸಾಕ್ಸ್ ಮತ್ತು ಏಂಜಲ್ಸ್. ಒಂಬತ್ತನೇ ಇನ್ನಿಂಗ್ಸ್, 1-1, ಎರಡು ಔಟ್ ಆಗಿದೆ. ಎ.ಜೆ. ಪಿಯರ್ಜಿನ್ಸ್ಕಿ ಮೂರನೇ ಸ್ಟ್ರೈಕಿಗೆ ಬೀಸಿ ಮಿಸ್ ಮಾಡಿದ್ರು. ಬಾಲ್ ತುಂಬಾ ಕೆಳಗಿತ್ತು, ಕ್ಯಾಚರ್ ಜೋಶ್ ಪಾಲ್ ಗ್ಲೌಸಲ್ಲಿ ನೇರ ಬಿತ್ತೋ, ನೆಲ ಮುಟ್ಟಿ ಬಿತ್ತೋ ಅನ್ನೋ ಹಾಗಿತ್ತು. ಮೂರನೇ ಸ್ಟ್ರೈಕನ್ನ ಕ್ಯಾಚರ್ ಸರಿಯಾಗಿ ಹಿಡೀದಿದ್ರೆ, ಫಸ್ಟ್ ಬೇಸ್ ಖಾಲಿ ಇದ್ರೆ ಅಥವಾ ಎರಡು ಔಟ್ ಆಗಿದ್ರೆ, ಬ್ಯಾಟರ್ ಓಡಬಹುದು ಅಂತ ರೂಲ್ ಇದೆ. ಪ್ಲೇಟ್ ಅಂಪೈರ್ ಡಗ್ ಎಡಿಂಗ್ಸ್ ಕೈ ಸನ್ನೆ ಮಾಡಿದ್ರು, ಕೊನೇಲಿ ಮುಷ್ಟಿ ಕಟ್ಟಿದ್ರು, ಆದ್ರೆ 'ನೋ ಕ್ಯಾಚ್' ಅಂತ ಜೋರಾಗಿ ಹೇಳಿರ್ಲಿಲ್ಲ. ಕ್ಯಾಚರ್ ಇನ್ನಿಂಗ್ಸ್ ಮುಗೀತು ಅಂತ ಬಾಲನ್ನ ಮಧ್ಯಕ್ಕೆ ಉರುಳಿಸಿ ಬೆಂಚ್ ಕಡೆ ಹೊರಟ್ರು, ಪಿಯರ್ಜಿನ್ಸ್ಕಿ ಫಸ್ಟ್ ಬೇಸಿಗೆ ಓಡಿದ್ರು. ಅವರ ಬದಲಿಗೆ ಬಂದ ರನ್ನರ್ ಸೆಕೆಂಡ್ ಬೇಸ್ ಸ್ಟೀಲ್ ಮಾಡಿದ, ಜೋ ಕ್ರೀಡ್ ಡಬಲ್, ಅಂದ್ರೆ ಎರಡು ಬೇಸಿನ ಹೊಡೆತ, ಹೊಡೆದ್ರು, 2-1 ಆಯ್ತು. ವೈಟ್ ಸಾಕ್ಸ್ ಆ ವರ್ಷ ವರ್ಲ್ಡ್ ಸೀರೀಸೇ ಗೆದ್ರು.

ಬಾಲ್ ನೆಲ ಮುಟ್ಟಿತ್ತೋ ಇಲ್ವೋ ಅನ್ನೋ ಜಗಳ ಈಗ್ಲೂ ಇದೆ, ನಾನು ಅದಕ್ಕೆ ಕೈ ಹಾಕಲ್ಲ. ಅಂಪೈರಾಗಿ ನನಗೆ ಬೇಕಾಗಿರೋದು ಇಷ್ಟೇ. ಒಂದು ಸನ್ನೆಗೆ ಎರಡು ಅರ್ಥ ಬರೋ ಹಾಗಿದ್ರೆ ಅಲ್ಲಿ ಬಾಯಿ ಬಿಡ್ಲೇಬೇಕು. ಕ್ಯಾಚರ್‌ಗೆ ನೀವು ಕಾಣಲ್ಲ, ಅವನ ಬೆನ್ನ ಹಿಂದೆ ನಿಂತಿರ್ತೀರ, ನಿಮ್ಮ ಕೈ ಅವನಿಗೆ ಹೇಗೆ ಗೊತ್ತಾಗುತ್ತೆ? ಮೂರನೇ ಸ್ಟ್ರೈಕ್ ಹಿಡಿದಿದ್ದು ಅನುಮಾನ ಬರೋ ಹಾಗಿದ್ರೆ 'ನೋ ಕ್ಯಾಚ್, ನೋ ಕ್ಯಾಚ್' ಅಂತ ಸೇಫ್ ಸನ್ನೆ ಜೊತೆ ಎರಡು ಸಲ ಹೇಳಿ, ಹಿಡಿದಿದ್ರೆ 'ಬ್ಯಾಟರ್ ಔಟ್' ಅನ್ನಿ. ಔಟ್‌ಫೀಲ್ಡಲ್ಲಿ ಬಿದ್ದು ಹೊರಳಿ ಹಿಡಿದ ಕ್ಯಾಚಿಗೂ ಇದೇ, ರನ್ನರ್‌ಗಳು ಬೆನ್ನು ತಿರುಗಿಸ್ಕೊಂಡು ಓಡ್ತಿರ್ತಾರೆ, ಅವರಿಗೆ ನಿಮ್ಮ ಕೂಗೇ ಕಣ್ಣು.

ಬಾಲ್ ಲೈವ್ ಇದ್ರೂ ಕೂಗ್ಲೇಬೇಕಾದ ಜಾಗ ಅಂದ್ರೆ ಇನ್‌ಫೀಲ್ಡ್ ಫ್ಲೈ. ಮೊದಲು ಹೇಳಿದ ರೂಲ್ ಮುರಿಯೋದು ಇಲ್ಲೇ. ಎರಡು ಔಟ್ ಆಗಿಲ್ಲ, ಫಸ್ಟ್ ಮತ್ತು ಸೆಕೆಂಡಲ್ಲಿ ರನ್ನರ್ ಇದಾರೆ, ಅಥವಾ ಮೂರೂ ಬೇಸ್ ತುಂಬಿದೆ, ಬಾಲ್ ಎತ್ತರಕ್ಕೆ ಹೋಗಿ ಇನ್‌ಫೀಲ್ಡರ್ ಸಲೀಸಾಗಿ ಹಿಡಿಯೋ ಹಾಗಿದೆ. ಅವನು ಬೇಕಂತಲೇ ಬಿಟ್ಟು, ಬೇಸಲ್ಲೇ ನಿಂತ ರನ್ನರ್‌ಗಳನ್ನ ಫೋರ್ಸಲ್ಲಿ, ಅಂದ್ರೆ ಅವರು ಓಡ್ಲೇಬೇಕಾದ ಮುಂದಿನ ಬೇಸಿಗೆ ಬಾಲ್ ಮೊದಲೇ ತಲುಪಿಸಿ, ಎರಡು ಔಟ್ ಮಾಡಿಬಿಡಬಹುದು. ಆ ಮೋಸ ತಪ್ಪಿಸೋಕೆ ಹಿಡೀಲಿ ಬಿಡ್ಲಿ ಬ್ಯಾಟರ್ ಔಟ್ ಅಂತ ರೂಲ್ ಇದೆ. ಆದ್ರೆ ನೀವು ಹೇಳದಿದ್ರೆ ಆ ರೂಲ್ ಇದ್ದೂ ಸತ್ತಂಗೆ, ರನ್ನರ್‌ಗೆ ತಾನು ಓಡ್ಬೇಕಾಗಿಲ್ಲ ಅಂತ ಗೊತ್ತಾಗೋದು ನಿಮ್ಮ ಬಾಯಿಂದ ಮಾತ್ರ. ಕೈ ಮೇಲಕ್ಕೆ ತೋರಿಸಿ 'ಇನ್‌ಫೀಲ್ಡ್ ಫ್ಲೈ, ಬ್ಯಾಟರ್ ಔಟ್' ಅಂತ, ಬಾಲ್ ಮೇಲಿಂದ ಇಳಿಯೋಕೆ ಶುರುವಾಗೋ ಹೊತ್ತಿಗೇ ಕೂಗಿ. ಗೆರೆ ಹತ್ರ ಇದ್ರೆ 'ಇನ್‌ಫೀಲ್ಡ್ ಫ್ಲೈ, ಇಫ್ ಫೇರ್' ಅನ್ನಿ, ಆ 'ಫೇರ್' ಬರೋದು ಈ ಒಂದು ಕಡೆ ಮಾತ್ರ.

ಹೊತ್ತು ಮೀರಿ ಕೊಟ್ರೆ ಏನಾಗುತ್ತೆ ಅನ್ನೋದಕ್ಕೆ 2012ರ ಅಕ್ಟೋಬರ್ 5ರ ಅಟ್ಲಾಂಟಾ ಮ್ಯಾಚ್ ನೋಡಿ. ಬ್ರೇವ್ಸ್ ಮತ್ತು ಕಾರ್ಡಿನಲ್ಸ್, ಸೋತವರು ಮನೆಗೆ ಅನ್ನೋ ಮ್ಯಾಚ್, ಎಂಟನೇ ಇನ್ನಿಂಗ್ಸ್. ಶಾರ್ಟ್‌ಸ್ಟಾಪ್, ಅಂದ್ರೆ ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲೋ ಇನ್‌ಫೀಲ್ಡರ್, ಲೆಫ್ಟ್ ಫೀಲ್ಡಿನ ಹುಲ್ಲಿಗೇ ಓಡಿ ಹೋಗಿ, ಕೊನೇ ಗಳಿಗೇಲಿ ಹಿಂದೆ ಸರಿದ, ಬಾಲ್ ನೆಲಕ್ಕೆ ಬಿತ್ತು. ಬಾಲ್ ಬೀಳೋಕೆ ಇನ್ನೇನು ಅನ್ನೋವಾಗ ಲೆಫ್ಟ್ ಫೀಲ್ಡ್ ಅಂಪೈರ್ ಸ್ಯಾಮ್ ಹೋಲ್‌ಬ್ರೂಕ್ ಕೈ ಎತ್ತಿದ್ರು. ಮೂರೂ ಬೇಸ್ ತುಂಬಿತು ಅಂತ ಕುಣೀತಿದ್ದ ಜನಕ್ಕೆ ಬ್ಯಾಟರ್ ಔಟ್ ಅಂತ ಗೊತ್ತಾದಾಗ ಬಾಟಲಿ, ಕಸ ಎಲ್ಲ ಮೈದಾನಕ್ಕೆ ಬಂತು, 19 ನಿಮಿಷ ಆಟ ನಿಂತ್ಹೋಯ್ತು. ಬ್ರೇವ್ಸ್ 6-3ರಲ್ಲಿ ಸೋತ್ರು. ರೂಲ್ ಪ್ರಕಾರ ಆ ತೀರ್ಮಾನವನ್ನ ಸಮರ್ಥಿಸ್ಬಹುದು ಅಂತ ನನ್ನ ಅಭಿಪ್ರಾಯ, ಆದ್ರೆ ಅಷ್ಟು ತಡವಾಗಿ ಬಂದ ಕಾಲ್‌ನಿಂದ ರನ್ನರ್‌ಗೂ ಉಪಯೋಗ ಆಗ್ಲಿಲ್ಲ, ನೋಡೋರಿಗೂ ನಂಬಿಕೆ ಬರ್ಲಿಲ್ಲ.

ಬೇಸ್ ಹತ್ರ ನಿಂತಿರೋ ಅಂಪೈರ್‌ಗೆ ಬಂದ್ರೆ, ಮೂರು ಹೆಜ್ಜೆ ಮುಂಚೆನೇ ಔಟಾದವನಿಗೆ ಗಂಟಲು ಹರ್ಕೊಳ್ಳೋದು ಬೇಡ, ಕೈ ಎತ್ತಿ ಸಾಧಾರಣ ದನೀಲಿ 'ಔಟ್' ಅಂದ್ರೆ ಆಯ್ತು. ಜೋರು ದನಿ ಕೂದಲೆಳೆ ಅಂತರದ್ದಕ್ಕೆ ಇಟ್ಕೊಳ್ಳಿ. ಅದಕ್ಕಿಂತ ಮುಖ್ಯ, ನೋಡೋರಿಗೆ ಒಂಥರ ಕಂಡು ನೀವು ಇನ್ನೊಂಥರ ಕೊಡ್ತಿದೀರ ಅಂದ್ರೆ ಕಾರಣ ಒಂದೇ ಮಾತಲ್ಲಿ ಸೇರಿಸಿ. ಬಾಲ್ ಮೊದಲೇ ಬಂದಿತ್ತು, ಎಲ್ರೂ ಔಟ್ ಅಂದ್ಕೊಂಡಿದಾರೆ, ಆದ್ರೆ ಫಸ್ಟ್ ಬೇಸ್ ಆಟಗಾರನ ಕಾಲು ಬ್ಯಾಗಿಂದ, ಅಂದ್ರೆ ಬೇಸಿಂದ, ಎದ್ದಿತ್ತು. ಸುಮ್ನೆ 'ಸೇಫ್' ಅಂದ್ರೆ ಕೋಚ್ ನಡ್ಕೊಂಡು ಬಂದೇ ಬರ್ತಾರೆ. 'ಸೇಫ್, ಕಾಲು ಬ್ಯಾಗ್ ಮೇಲಿಲ್ಲ' ಅಂತ ಕೈ ತೋರಿಸಿ ಹೇಳಿದ್ರೆ ಅವರು ತಮ್ಮ ಹುಡುಗನ ಕಾಲು ನೋಡ್ತಾರೆ, ನಿಮ್ಮ ಮುಖ ನೋಡಲ್ಲ. ಇಬ್ರು ಡಿಕ್ಕಿ ಹೊಡ್ಕೊಂಡು ಬಿದ್ದು ಅದರಲ್ಲಿ ತಪ್ಪೇನೂ ಇಲ್ಲ ಅಂದ್ರೂ 'ಏನಿಲ್ಲ, ಆಡಿ' ಅಂತ ಸೇಫ್ ಸನ್ನೆ ಮಾಡಿ, ನೀವು ನೋಡಿದೀರ ಅಂತ ಗೊತ್ತಾಗುತ್ತೆ.

ಇಬ್ರೇ ಅಂಪೈರ್ ಇದ್ದಾಗ ಒಬ್ರಿಗೊಬ್ರು ಮಾತಾಡ್ಲೇಬೇಕು, ನಮ್ಮಲ್ಲಿ ಇದು ತೀರಾ ಕಮ್ಮಿ. ಫಸ್ಟ್ ಬೇಸಲ್ಲಿ ರನ್ನರ್ ಇದ್ದು ಬಾಲ್ ಔಟ್‌ಫೀಲ್ಡಿಗೆ ಹೋದ್ರೆ, ಆ ರನ್ನರ್ ಥರ್ಡಿಗೆ ಬರೋದನ್ನ ನೋಡೋದು ಪ್ಲೇಟ್ ಅಂಪೈರ್ ಕೆಲಸ. ಓಡ್ತಾ ಓಡ್ತಾ 'ಥರ್ಡ್ ನಂದು' ಅಂತ ಹೇಳಿ. ಇಬ್ರೂ ಸುಮ್ನಿದ್ರೆ ಒಬ್ರು ಔಟ್, ಇನ್ನೊಬ್ರು ಸೇಫ್ ಅಂದು ಮೈದಾನದ ಮಧ್ಯ ಮುಖ ಮುಖ ನೋಡ್ಕೊಳ್ಳೋ ಪರಿಸ್ಥಿತಿ ಬರುತ್ತೆ, ಅದರಿಂದ ಹೊರಗೆ ಬರೋ ಮರ್ಯಾದೆಯ ದಾರಿನೇ ಇಲ್ಲ.

ಇನ್ನು 'ಎಲ್ಲಾನೂ ಹೇಳ್ಬೇಕು' ಅಂದವರಿಗೆ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಅವರು ಹಾಗಂದಿರೋದು, ಅದು ನನಗೆ ಅರ್ಥ ಆಗುತ್ತೆ. ಆದ್ರೆ ಕೆಲವು ವಿಷಯ ನಿಮಗೆ ಗೊತ್ತಿದ್ರೂ ಹೇಳೋ ಹಾಗಿಲ್ಲ. ರನ್ನರ್ ಬೇಸ್ ಮುಟ್ಟದೆ ಹೋದ, ನೀವು ನೋಡಿದ್ರಿ, ಸುಮ್ನಿರಿ. ಎದುರಾಳಿ ಗಮನಿಸಿ ಅಪೀಲ್ ಮಾಡಿದ್ರೆ ಔಟ್ ಕೊಡಿ, ಇಲ್ಲಾಂದ್ರೆ ಇಲ್ಲ. ಕ್ಯಾಚ್ ಆಗೋಕೆ ಮುಂಚೆ ಬೇಸ್ ಬಿಟ್ಟವನಿಗೂ ಅಷ್ಟೇ. ತಪ್ಪು ಸರದೀಲಿ ಬ್ಯಾಟರ್ ಬಂದು ನಿಂತಿದ್ರೂ ಅಂಪೈರ್ ಯಾರ ಗಮನಕ್ಕೂ ತರಬಾರದು ಅಂತ ರೂಲ್ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ. ಕ್ರಿಕೆಟಲ್ಲೂ ಬ್ಯಾಟಿಗೆ ತಾಗಿ ಕೀಪರ್ ಕೈಗೆ ಹೋಗಿದ್ದು ಅಂಪೈರ್‌ಗೆ ಗೊತ್ತಿದ್ರೂ 'ಹೌಸ್ ದಟ್' ಅನ್ನೋ ಕೂಗು ಬರೋವರೆಗೆ ಬೆರಳು ಏಳಲ್ಲ ಅಲ್ವಾ. ಗಮನಿಸೋದು ಆಟಗಾರರ ಕೆಲಸ, ಅದನ್ನ ನೀವು ಮಾಡಿಕೊಟ್ರೆ ಒಂದು ಟೀಮಿನ ಜೊತೆ ಸೇರ್ಕೊಂಡಂಗೆ ಆಗುತ್ತೆ. ಎಷ್ಟು ಔಟ್ ಅಂತ ಮಗು ಕೇಳಿದ್ರೆ ಹೇಳಿ. ಕೌಂಟ್ ಆಗಾಗ ಹೇಳಿ, ಬಾಲ್ ಮೊದಲು ಸ್ಟ್ರೈಕ್ ಆಮೇಲೆ, ಎಡಗೈ ಬೆರಳಲ್ಲಿ ಬಾಲ್, ಬಲಗೈಲಿ ಸ್ಟ್ರೈಕ್. ರೂಲ್ ಪಾಠ ಮಾಡೋದಿದ್ರೆ ಮ್ಯಾಚ್ ಮುಗಿದ ಮೇಲೆ ಎರಡೂ ಟೀಮ್ ಕೂರಿಸ್ಕೊಂಡು ಮಾಡಿ, ಖುಷಿಯಿಂದ ಕೇಳ್ತಾರೆ. ಅಮೆರಿಕದ ಮೇಜರ್ ಲೀಗಲ್ಲಿ 2022ರಿಂದ ಅಂಪೈರ್ ಮೈಕ್ ಹಿಡಿದು ರಿವ್ಯೂ ತೀರ್ಮಾನವನ್ನ ಸ್ಟೇಡಿಯಂಗೆಲ್ಲ ವಿವರಿಸ್ತಾರೆ, ಅದೂ ಆಟ ನಿಂತಿರೋವಾಗ ಮಾತ್ರ.

ಕೈಯಲ್ಲಿ ಹೇಳೋದು ಎರಡನೇ ದರ್ಜೆ ಅಂತ ಮಾತ್ರ ಅಂದ್ಕೋಬೇಡಿ ಮೇಡಂ. ವಿಲಿಯಂ ಹೋಯ್ ಅಂತ ಒಬ್ಬ ಆಟಗಾರ ಇದ್ರು, ಕಿವಿ ಕೇಳ್ತಿರ್ಲಿಲ್ಲ, 1888ರಿಂದ 1902ರವರೆಗೆ ಅಮೆರಿಕದ ದೊಡ್ಡ ಲೀಗುಗಳಲ್ಲಿ ಆಡಿದ್ರು. ಅಂಪೈರ್ ಸನ್ನೆಗಳು ಅವರಿಂದಲೇ ಶುರುವಾಯ್ತು ಅನ್ನೋ ಮಾತಿದೆ, ಅದನ್ನ ಒಪ್ಪದ ಇತಿಹಾಸಕಾರರೂ ಇದಾರೆ. ಅದು ಹೇಗೇ ಇರ್ಲಿ, ನಿಮ್ಮ ಮೈದಾನಕ್ಕೂ ಅಂಥ ಒಂದು ಮಗು ಬರಬಹುದು, ಹಾಗಾಗಿ ಕೈ ಸನ್ನೆ ಪೂರ್ತಿಯಾಗಿ, ದೇಹದಿಂದ ದೂರ ಚಾಚಿ ಮಾಡಿ, ಅರ್ಧಕ್ಕೆ ಇಳಿಸ್ಬೇಡಿ.

ಈಗ ಆ ಹುಡುಗ. ನೀವು ಔಟ್ ಕೊಟ್ಟಿದ್ದು ಸರಿ. ಬಾಲ್ ಒಳಗಿತ್ತು, ನೀವು ಹೇಳಿದ್ದೂ 'ಫೇರ್', ತೀರ್ಮಾನ ಬದಲಾಯಿಸಿಲ್ಲ, ಅವನು ತಪ್ಪಾಗಿ ಕೇಳಿಸ್ಕೊಂಡ ಅಂತ ಆಟ ಹಿಂದಕ್ಕೆ ತಿರುಗಿಸೋಕೆ ಬರಲ್ಲ. ಆದ್ರೆ ಅವನಿಗೆ ಅನ್ಯಾಯ ಆಗಿದ್ದೂ ನಿಜ, ಕೋಚ್ ಕೋಪದಲ್ಲೂ ನ್ಯಾಯ ಇದೆ. ಮುಂದಿನ ಸಲ ಆ ಸ್ಕೂಲಿನವರು ಸಿಕ್ಕಾಗ ಕೋಚ್ ಹತ್ರ ಹೋಗಿ 'ನಾನು ಆ ಪದ ಕೂಗಬಾರದಿತ್ತು ಸರ್' ಅಂತ ಹೇಳಿ, ಹುಡುಗನಿಗೂ ಹೇಳಿ. ನಾನು ಚಿಕ್ಕಮಗಳೂರಿನ ಆ ಹುಡುಗನಿಗೆ ಮಾರನೇ ಮ್ಯಾಚಲ್ಲಿ ಹುಡುಕ್ಕೊಂಡು ಹೋಗಿ ಹೇಳ್ದೆ, ಅವನು ಕೈ ಕುಲುಕಿದ.

ಇನ್ನೊಂದು ಕೆಲಸ ಮಾಡಿ. ಸಂಜೆ ಗಾಳಿ ಚೆನ್ನಾಗಿ ಬೀಸೋವಾಗ ನಿಮ್ಮ ಸ್ಕೂಲ್ ಮೈದಾನಕ್ಕೆ ಇನ್ನೊಬ್ಬ ಟೀಚರ್‌ನ ಕರ್ಕೊಂಡು ಹೋಗಿ ಸೆಕೆಂಡ್ ಬೇಸ್ ದೂರಕ್ಕೆ, ಬೆನ್ನು ನಿಮ್ಮ ಕಡೆ ಮಾಡಿ ನಿಲ್ಲಿಸಿ. ನೀವು ಪ್ಲೇಟಿಂದ 'ಫೌಲ್', 'ಟೈಮ್', 'ನೋ ಕ್ಯಾಚ್', 'ಇನ್‌ಫೀಲ್ಡ್ ಫ್ಲೈ' ಒಂದೊಂದಾಗಿ ಕೂಗಿ, ಅವರು ಏನು ಕೇಳಿಸ್ತು ಅಂತ ಒಂದು ಚೀಟಿ ಮೇಲೆ ಬರ್ಕೊಳ್ಳಲಿ. ಗಂಟಲಿಂದ ಕೂಗಿದ್ದು ಅರ್ಧ ತಲುಪಿರಲ್ಲ, ಹೊಟ್ಟೆಯಿಂದ ಬಂದಿದ್ದು ತಲುಪಿರುತ್ತೆ. ನಡುವೆ ಒಂದೆರಡು ಸಲ ಅವರಿಗೆ ಹೇಳದೆ 'ಫೇರ್' ಅಂತಲೂ ಕೂಗಿ, ಚೀಟೀಲಿ ಏನು ಬರ್ದಿದಾರೆ ಅಂತ ನೀವೇ ನೋಡಿ.